ದಣಿದ ಸ್ನಾಯುವಿಗೆ ಕೆಂಪು ಬೆಳಕು: ಪ್ರಯೋಗಾಲಯದಲ್ಲಿ ಕಂಡದ್ದು, ಮಾರುಕಟ್ಟೆಯಲ್ಲಿ ಸಿಗುತ್ತಿರುವುದು

ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಮಳೆಗಾಲ ಹಿಡಿಯುವವರೆಗೂ ಕಾಸರಗೋಡು ಜಿಲ್ಲೆಯಲ್ಲಿ ಆಟದ ಕಾಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಹೊನಲು ಬೆಳಕಿನ ಕಬಡ್ಡಿ ಮತ್ತು ವಾಲಿಬಾಲ್, ಮೊಗ್ರಾಲಿನಲ್ಲೂ ಹೊಳೆಯಾಚೆಯ ತೃಕ್ಕರಿಪುರದಲ್ಲೂ ಫುಟ್ಬಾಲ್, ಪೂರ್ವದ ಗುಡ್ಡಗಾಡಿನ ಊರುಗಳಲ್ಲಿ ಹಗ್ಗಜಗ್ಗಾಟ ನಡೆಯುತ್ತವೆ. ಶನಿವಾರ ಒಂದು ಕಡೆ ಆಡಿ ಭಾನುವಾರ ಇನ್ನೊಂದು ಕಡೆ ಅಂಕಣಕ್ಕಿಳಿಯುವ, ಸೋಮವಾರ ಬೆಳಗ್ಗೆ ಕೂಲಿಗೋ ಕಾಲೇಜಿಗೋ ಹೋಗಲೇಬೇಕಾದ ಹುಡುಗರಿಗೆ ಮೈಕೈ ನೋವು ಬೇಗ ಇಳಿಯುವುದು ದೊಡ್ಡ ವಿಷಯ. ಆದ್ದರಿಂದಲೇ ‘ಕೆಂಪು ಬೆಳಕಿನ ಮುಂದೆ ಹತ್ತು ನಿಮಿಷ ನಿಂತರೆ ಸ್ನಾಯು ಚೇತರಿಸುತ್ತದೆ’ ಎಂಬ ಸುದ್ದಿ ಇಲ್ಲಿ ಬೇಗ ಹರಡುತ್ತದೆ.

ಆದರೆ ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲ. ವಿದೇಶಿ ಆಟಗಾರರು ಕೆಂಪು ದೀಪದ ಫಲಕದ ಮುಂದೆ ನಿಂತ ಚಿತ್ರ ಒಂದು ದಿನ ಬಂದರೆ, ಮರುದಿನ ಇದಕ್ಕೆ ಗಟ್ಟಿ ಆಧಾರವಿಲ್ಲ ಎಂದು ವೈದ್ಯರು ಹೇಳಿದ ವರದಿ ಬರುತ್ತದೆ. ನಾಸಾ ಕಂಡುಹಿಡಿದದ್ದು ಎಂದು ಜಾಹೀರಾತು ಹೇಳುತ್ತದೆ. ಇದನ್ನು ಕ್ರೀಡೆಯಲ್ಲಿ ನಿಷೇಧಿಸಬೇಕೇ ಎಂಬ ಚರ್ಚೆಯೂ ಕಿವಿಗೆ ಬೀಳುತ್ತದೆ. ಪ್ರಯೋಜನವೇ ಇಲ್ಲದ್ದನ್ನು ನಿಷೇಧಿಸುವ ಮಾತು ಏಕೆ, ಪ್ರಯೋಜನವಿದ್ದರೆ ವೈದ್ಯರಿಗೆ ಅನುಮಾನವೇಕೆ ಎಂದು ಓದುಗರು ಕೇಳುವುದು ಸಹಜ. ಎರಡೂ ಕಡೆಯವರು ತಮ್ಮ ತಮ್ಮ ಮಟ್ಟಿಗೆ ಸರಿಯಾದುದನ್ನೇ ಹೇಳುತ್ತಿರುವುದರಿಂದ ಈ ಗೊಂದಲ ಹುಟ್ಟಿದೆ.

ಒಂದೇ ಹೆಸರು, ಬೇರೆ ಬೇರೆ ಚಿಕಿತ್ಸೆ

‘ಬೆಳಕಿನ ಚಿಕಿತ್ಸೆ’ ಎಂಬ ಹೆಸರಿನಡಿ ಪರಸ್ಪರ ಸಂಬಂಧವೇ ಇಲ್ಲದ ಹಲವು ಕ್ರಮಗಳು ಸೇರಿಕೊಂಡಿವೆ. ಹುಟ್ಟಿದ ಮಗುವಿಗೆ ಕಾಮಾಲೆ ಕಂಡರೆ ಆಸ್ಪತ್ರೆಯಲ್ಲಿ ನೀಲಿ ದೀಪದಡಿ ಮಲಗಿಸುತ್ತಾರೆ; ಆ ಬೆಳಕು ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ತರುತ್ತದೆ. ಫಿಸಿಯೋಥೆರಪಿ ಕೇಂದ್ರಗಳಲ್ಲಿ ದಶಕಗಳಿಂದ ಇರುವ ಕೆಂಪು ಬಲ್ಬಿನ ಅವಕೆಂಪು (ಇನ್‌ಫ್ರಾರೆಡ್) ದೀಪ ಕೊಡುವುದು ಶಾಖವನ್ನು. ಅದರ ಕೆಲಸ ಬಿಸಿನೀರಿನ ಶಾಖದ ಕೆಲಸಕ್ಕಿಂತ ಬಹಳ ಭಿನ್ನವಲ್ಲ. ಸೋರಿಯಾಸಿಸ್‌ನಂಥ ಚರ್ಮರೋಗಗಳಿಗೆ ಬಳಸುವುದು ಅತಿನೇರಳೆ ಕಿರಣ.

ಆಟಗಾರರ ಸ್ನಾಯುವಿನ ವಿಷಯದಲ್ಲಿ ಚರ್ಚೆಯಾಗುತ್ತಿರುವುದು ಇವು ಯಾವುವೂ ಅಲ್ಲ. ಸುಮಾರು 640ರಿಂದ 950 ನ್ಯಾನೊಮೀಟರ್ ತರಂಗಾಂತರದ ಕೆಂಪು ಹಾಗೂ ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು, ಚರ್ಮ ಸುಡದಷ್ಟು ಕಡಿಮೆ ಶಕ್ತಿಯಲ್ಲಿ, ಲೇಸರ್ ಅಥವಾ ಎಲ್‌ಇಡಿ ಮೂಲಕ ಸ್ನಾಯುವಿನ ಮೇಲೆ ಹಾಯಿಸುವ ಕ್ರಮವಿದು. ವಿಜ್ಞಾನಿಗಳು ಇದನ್ನು ಫೋಟೊಬಯೊಮಾಡ್ಯುಲೇಷನ್ ಎನ್ನುತ್ತಾರೆ. ಇದು ಶಾಖ ಕೊಡುವ ಕ್ರಮವಲ್ಲ. ಬೆಳಕನ್ನು ಜೀವಕೋಶಗಳೇ ಹೀರಿಕೊಂಡು ತಮ್ಮ ಕೆಲಸದ ರೀತಿಯನ್ನು ಬದಲಿಸಿಕೊಳ್ಳುತ್ತವೆ ಎಂಬುದು ಇದರ ಹಿಂದಿನ ವಾದ. ಚಿಕಿತ್ಸಾ ಕೇಂದ್ರದಲ್ಲಿ ‘ಲೈಟ್ ಇಡುತ್ತೇವೆ’ ಎಂದು ಹೇಳಿದಾಗ ಅದು ಶಾಖದ ದೀಪವೋ ಈ ಲೇಸರೋ ಎಂದು ಕೇಳಿ ತಿಳಿಯದೆ ಹೋದರೆ, ಒಂದರ ಪ್ರಯೋಗಫಲವನ್ನು ಇನ್ನೊಂದಕ್ಕೆ ಹಚ್ಚಿದಂತಾಗುತ್ತದೆ.

ಹಿನ್ನೆಲೆ

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. 1967ರ ಸುಮಾರಿಗೆ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಬುಡಾಪೆಸ್ಟಿನಲ್ಲಿ ಇಲಿಗಳ ರೋಮ ಬೋಳಿಸಿ ಅವುಗಳ ಮೇಲೆ ಕಡಿಮೆ ಶಕ್ತಿಯ ಕೆಂಪು ಲೇಸರ್ ಹಾಯಿಸಿದಾಗ, ಬೆಳಕು ಬಿದ್ದ ಇಲಿಗಳಲ್ಲಿ ರೋಮ ಬೇಗ ಬೆಳೆದುದನ್ನು ಗಮನಿಸಿದರು. ಅನಂತರ ಅವರು ಮಾಯದ ಗಾಯಗಳ ಮೇಲೆ ಇದೇ ಬೆಳಕನ್ನು ಪ್ರಯೋಗಿಸಿದರು. 1990ರ ದಶಕದಲ್ಲಿ ಬಾಹ್ಯಾಕಾಶದಲ್ಲಿ ಗಿಡ ಬೆಳೆಸಲೆಂದು ನಾಸಾ ನೆರವಿನಿಂದ ಎಲ್‌ಇಡಿ ದೀಪಗಳು ರೂಪುಗೊಂಡವು, ಅವುಗಳನ್ನು ಗಾಯ ಮಾಯಿಸುವ ಸಂಶೋಧನೆಗೂ ಬಳಸಲಾಯಿತು. ಜಾಹೀರಾತುಗಳ ನಾಸಾ ಉಲ್ಲೇಖಕ್ಕೆ ಇರುವ ಆಧಾರ ಇಷ್ಟೇ. ಮಾರಾಟದ ಫಲಕಗಳನ್ನು ನಾಸಾ ಪರೀಕ್ಷಿಸಿದೆ ಎಂದು ಇದರಿಂದ ಅರ್ಥವಾಗುವುದಿಲ್ಲ.

ವೈದ್ಯಕೀಯದಲ್ಲಿ ಈ ಬೆಳಕಿಗೆ ಗಟ್ಟಿಯಾದ ಮನ್ನಣೆ ಸಿಕ್ಕಿರುವುದು ಕ್ರೀಡೆಯಿಂದ ಬಹು ದೂರದ ಒಂದು ಕಡೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಬಾಯಿಯಲ್ಲಿ ಏಳುವ ನೋವಿನ ಹುಣ್ಣುಗಳನ್ನು ತಡೆಯಲು ಇದನ್ನು ಬಳಸಬಹುದೆಂದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಗಳು ಶಿಫಾರಸು ಮಾಡಿವೆ. ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ನೈಸ್ ಕೂಡ 2018ರಲ್ಲಿ ಇದರ ಬಗ್ಗೆ ಮಾರ್ಗದರ್ಶನ ಹೊರಡಿಸಿತು. ಅಂದರೆ ಬೆಳಕು ದೇಹದ ಮೇಲೆ ಕೆಲಸ ಮಾಡಬಲ್ಲದೇ ಎಂಬ ಮೂಲ ಪ್ರಶ್ನೆಗೆ ಹೌದು ಎಂಬ ಉತ್ತರವಿದೆ. ಬಾಯಿಯ ತೆಳು ಪೊರೆಯ ಮೇಲೆ ಫಲ ಕೊಟ್ಟದ್ದು ಚರ್ಮ ಮತ್ತು ಕೊಬ್ಬಿನ ಪದರ ದಾಟಿ ತೊಡೆಯ ದಪ್ಪ ಸ್ನಾಯುವಿನಲ್ಲೂ ಅಷ್ಟೇ ಫಲ ಕೊಡುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಸ್ನಾಯುವಿನೊಳಗೆ ನಡೆಯುವುದು

ಸ್ನಾಯುಕೋಶದಲ್ಲಿ ಶಕ್ತಿ ತಯಾರಾಗುವುದು ಮೈಟೋಕಾಂಡ್ರಿಯಗಳಲ್ಲಿ. ಅಲ್ಲಿನ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಸಮೀಪ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಈ ಕಿಣ್ವಕ್ಕೆ ಅಂಟಿಕೊಂಡು ಅದರ ವೇಗ ತಗ್ಗಿಸುವ ನೈಟ್ರಿಕ್ ಆಕ್ಸೈಡ್ ಬೆಳಕು ಬಿದ್ದಾಗ ಬೇರ್ಪಡುತ್ತದೆ, ಆಮ್ಲಜನಕದ ಬಳಕೆ ಹೆಚ್ಚುತ್ತದೆ, ಶಕ್ತಿಯ ನಾಣ್ಯವಾದ ಎಟಿಪಿ ಹೆಚ್ಚು ತಯಾರಾಗುತ್ತದೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ವಿವರಣೆ. ಬೇರ್ಪಟ್ಟ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ರಕ್ತಸಂಚಾರವೂ ಹೆಚ್ಚಬಹುದು. ಆದರೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕಿಣ್ವವೇ ಇಲ್ಲದ ಜೀವಕೋಶಗಳೂ ಕೆಂಪು ಬೆಳಕಿಗೆ ಸ್ಪಂದಿಸಿದವು. ಹೀಗಾಗಿ ಕಾರಣದ ವಿವರಣೆ ಇನ್ನೂ ಪೂರ್ತಿಯಾಗಿಲ್ಲ.

ಇಲ್ಲಿ ನೋವಿನ ಬಗ್ಗೆ ಒಂದು ಮಾತು ಅಗತ್ಯ. ಆಟದ ಮರುದಿನದ ಮೈಕೈ ನೋವಿಗೆ ಸ್ನಾಯುವಿನಲ್ಲಿ ಸೇರಿಕೊಂಡ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂದು ಈಗಲೂ ಅನೇಕ ತರಬೇತುದಾರರು ಹೇಳುತ್ತಾರೆ, ದೀಪ ಮಾರುವವರೂ ‘ಆಮ್ಲವನ್ನು ತೊಳೆಯುತ್ತದೆ’ ಎನ್ನುತ್ತಾರೆ. ಆದರೆ ಆಟ ಮುಗಿದು ಒಂದು ಗಂಟೆಯ ಆಸುಪಾಸಿನಲ್ಲೇ ಈ ಆಮ್ಲದ, ಅಂದರೆ ಲ್ಯಾಕ್ಟೇಟಿನ, ಮಟ್ಟ ಬಹುತೇಕ ಮೊದಲಿನ ಸ್ಥಿತಿಗೆ ಇಳಿದಿರುತ್ತದೆ. ಮರುದಿನ ಶುರುವಾಗಿ 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟುವ ನೋವು ಬರುವುದು ಸ್ನಾಯುತಂತುಗಳಲ್ಲಾದ ಸೂಕ್ಷ್ಮ ಹಾನಿ ಮತ್ತು ಅದನ್ನು ದುರಸ್ತಿ ಮಾಡಲು ದೇಹ ಹೂಡುವ ಉರಿಯೂತದಿಂದ. ಕಬಡ್ಡಿಯಲ್ಲಿ ದಾಳಿಗಾರನನ್ನು ಹಿಡಿದು ಹಿಂದಕ್ಕೆ ಎಳೆಯುವಾಗ, ಓಡುತ್ತಾ ಥಟ್ಟನೆ ನಿಂತು ತಿರುಗುವಾಗ ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕಾಗುತ್ತದೆ. ಇಂಥ ಚಲನೆಗಳೇ ಈ ಹಾನಿಗೆ ಮುಖ್ಯ ಕಾರಣ. ಹಾಗಾಗಿ ಬೆಳಕು ಉಪಕಾರ ಮಾಡುವುದಾದರೆ ಈ ಹಾನಿ ಮತ್ತು ದುರಸ್ತಿಯ ಹಂತದಲ್ಲಿ ಮಾಡಬೇಕು.

ಪ್ರಯೋಗಗಳು ಏನು ತೋರಿಸಿವೆ?

ಈ ವಿಷಯದ ಸಂಶೋಧನೆಯಲ್ಲಿ ಬ್ರೆಜಿಲ್ ದೇಶದ ಪಾಲು ದೊಡ್ಡದು. ಅಲ್ಲಿ ಅರ್ನೆಸ್ಟೊ ಲಿಯಾಲ್ ಜೂನಿಯರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಡೀ ಕ್ಷೇತ್ರದ ಬಲ ಮತ್ತು ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. ಹನ್ನೆರಡು ಮಂದಿ ವೃತ್ತಿಪರ ವಾಲಿಬಾಲ್ ಆಟಗಾರರ ತೋಳಿನ ಮುಂಭಾಗದ ಸ್ನಾಯುವಿಗೆ 655 ನ್ಯಾನೊಮೀಟರಿನ ಲೇಸರ್ ಹಾಯಿಸಿ, ಇನ್ನೊಂದು ಸಲ ಅದೇ ಆಟಗಾರರಿಗೆ ಬೆಳಕೇ ಇಲ್ಲದ ಹುಸಿ ಚಿಕಿತ್ಸೆ ಕೊಟ್ಟು, ತೋಳು ಸೋಲುವವರೆಗೆ ಭಾರ ಎತ್ತಿಸಲಾಯಿತು. ಲೇಸರ್ ಹಾಯಿಸಿದಾಗ ಅವರು ಹೆಚ್ಚು ಸಲ ಎತ್ತಿದರು. ಆದರೆ ರಕ್ತದ ಲ್ಯಾಕ್ಟೇಟ್ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗದ ರಚನೆ ಒಳ್ಳೆಯದು, ಫಲವೂ ಸ್ಪಷ್ಟ. ಆದರೆ ಪಾಲ್ಗೊಂಡವರು ಹನ್ನೆರಡೇ ಜನ, ಅಳೆದದ್ದು ಒಂದೇ ತೋಳಿನ ಒಂದೇ ಚಲನೆಯನ್ನು.

2016ರಲ್ಲಿ ಕ್ಲೆಬರ್ ಫೆರಾರೇಸಿ, ಯಿಂಗ್-ಯಿಂಗ್ ಹುವಾಂಗ್ ಮತ್ತು ಮೈಕೆಲ್ ಹ್ಯಾಂಬ್ಲಿನ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಸಿಕ್ಕಿದ 533ರಲ್ಲಿ ಅವರು ಪರಿಗಣಿಸಿದ್ದು 46 ಅಧ್ಯಯನಗಳನ್ನು, ಅವುಗಳಲ್ಲಿ ಒಟ್ಟು ಪಾಲ್ಗೊಂಡವರು 1,045 ಜನ. ಭಾಗಿಸಿ ನೋಡಿದರೆ ಒಂದು ಅಧ್ಯಯನಕ್ಕೆ ಸರಾಸರಿ 23 ಮಂದಿಯೂ ಬೀಳುವುದಿಲ್ಲ. ಬೆಳಕು ಕೊಟ್ಟಾಗ ದಣಿವು ತಡವಾಗಿ ಬರುವುದು, ಸ್ನಾಯುಹಾನಿಯ ಸೂಚಕವಾದ ಕ್ರಿಯಾಟಿನ್ ಕೈನೇಸ್ ರಕ್ತದಲ್ಲಿ ಕಡಿಮೆ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿತು. ಏನೂ ಫಲ ಕಾಣದ ಅಧ್ಯಯನಗಳೂ ಅದೇ ಪಟ್ಟಿಯಲ್ಲಿದ್ದವು. ಇಷ್ಟು ಸಣ್ಣ ಗುಂಪುಗಳಲ್ಲಿ ಇಬ್ಬರು ಮೂವರ ಆ ದಿನದ ಹುಮ್ಮಸ್ಸು, ನಿದ್ದೆ, ಊಟ ಕೂಡ ಸರಾಸರಿಯನ್ನು ಅತ್ತಿತ್ತ ಎಳೆಯಬಲ್ಲದು. ಫಲ ಕಂಡ ಅಧ್ಯಯನ ಪ್ರಕಟವಾಗುವಷ್ಟು ಸುಲಭವಾಗಿ ಫಲ ಕಾಣದ ಅಧ್ಯಯನ ಪ್ರಕಟವಾಗುವುದಿಲ್ಲ ಎಂಬ ವಾಸ್ತವವನ್ನೂ ಇದಕ್ಕೆ ಸೇರಿಸಬೇಕು. ಈ ಕ್ಷೇತ್ರದ ಕೆಲವು ಪ್ರಮುಖ ಸಂಶೋಧಕರಿಗೆ ಸಾಧನ ತಯಾರಿಸುವ ಕಂಪೆನಿಗಳ ನೆರವಿದೆ. ಅದನ್ನು ಅವರೇ ತಮ್ಮ ಪ್ರಬಂಧಗಳಲ್ಲಿ ಘೋಷಿಸಿದ್ದಾರೆ. ಅಷ್ಟರಿಂದಲೇ ಅವರ ಫಲಿತಾಂಶ ಸುಳ್ಳಾಗುವುದಿಲ್ಲವಾದರೂ, ಹಿತಾಸಕ್ತಿ ಇಲ್ಲದ ಬೇರೆ ತಂಡಗಳು ಅದನ್ನೇ ಮತ್ತೆ ಮಾಡಿ ತೋರಿಸಬೇಕೆಂಬ ಬೇಡಿಕೆ ನ್ಯಾಯವಾದುದು.

ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಇನ್ನೊಂದು ಅಧ್ಯಯನ 2012ರಲ್ಲಿ ಪ್ರಕಟವಾದದ್ದು. ಚೀನಾದ ಇಪ್ಪತ್ತು ಮಂದಿ ಬಾಸ್ಕೆಟ್‌ಬಾಲ್ ಆಟಗಾರ್ತಿಯರಲ್ಲಿ ಒಂದು ಗುಂಪಿಗೆ 14 ದಿನ, ಪ್ರತಿ ರಾತ್ರಿ 30 ನಿಮಿಷ ಮೈಗೆಲ್ಲ ಕೆಂಪು ಬೆಳಕು ಕೊಡಲಾಯಿತು. ಅವರ ನಿದ್ದೆಯ ಗುಣಮಟ್ಟ ಸುಧಾರಿಸಿತು, ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನಿನ ಮಟ್ಟ ಏರಿತು. ಹನ್ನೆರಡು ನಿಮಿಷದ ಓಟದಲ್ಲಿ ಮಾತ್ರ ಬೆಳಕು ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಬರಲಿಲ್ಲ. ಜಾಹೀರಾತುಗಳು ಮೊದಲ ಅರ್ಧವನ್ನು ಹೇಳಿ ನಿಲ್ಲಿಸುತ್ತವೆ.

ಹೀಗಾಗಿ ಪ್ರತಿಪಾದಕರ ಮತ್ತು ಸಂದೇಹಿಗಳ ನಡುವಿನ ಭಿನ್ನಾಭಿಪ್ರಾಯ ಹೊರಗಿನಿಂದ ಕಾಣುವಷ್ಟು ದೊಡ್ಡದಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅಳೆಯಬಹುದಾದ ಫಲವಿದೆ ಎಂದು ಒಂದು ಪಕ್ಷ ಹೇಳಿದರೆ, ಪ್ರಯೋಗಾಲಯದಲ್ಲಿ ಅಳೆದ ಆ ಫಲ ಅಂಕಣದಲ್ಲಿ ಒಂದು ಅಂಕವಾಗಿಯೋ ತಪ್ಪಿದ ಒಂದು ಗಾಯವಾಗಿಯೋ ಬದಲಾಗುತ್ತದೆಂದು ತೋರಿಸುವ ದೊಡ್ಡ ಅಧ್ಯಯನಗಳಿಲ್ಲ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಡೋಸಿನ ಲೆಕ್ಕ

ನಿಜವಾದ ತೊಡಕು ಇಲ್ಲಿದೆ. ಈ ಚಿಕಿತ್ಸೆಯಲ್ಲಿ ಬೆಳಕು ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ಫಲ ಕುಗ್ಗುತ್ತದೆ ಅಥವಾ ತಿರುಗುಬಾಣವಾಗುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೊ ದ್ರಾವಣವನ್ನು ಶೇ. 1ರ ಹದಕ್ಕೇ ತರಬೇಕೆಂದು ನಮ್ಮ ಕೃಷಿಕರು ಪಟ್ಟು ಹಿಡಿಯುವುದು ಯಾವ ಕಾರಣಕ್ಕೋ, ಇಲ್ಲಿ ಡೋಸಿಗೆ ಪಟ್ಟು ಹಿಡಿಯುವುದೂ ಅದೇ ಕಾರಣಕ್ಕೆ.

2019ರಲ್ಲಿ ಲಿಯಾಲ್ ಜೂನಿಯರ್ ಮತ್ತು ಇಬ್ಬರು ಸಹಲೇಖಕರು ಬ್ರೆಜಿಲಿನ ಫಿಸಿಯೋಥೆರಪಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಶಿಫಾರಸುಗಳ ಪ್ರಕಾರ, ತೊಡೆಯಂಥ ದೊಡ್ಡ ಸ್ನಾಯುಗುಂಪಿಗೆ 60ರಿಂದ 300 ಜೂಲ್ (ಒಟ್ಟು ತಲುಪುವ ಬೆಳಕಿನ ಶಕ್ತಿಯ ಅಳತೆ), ತೋಳಿನಂಥ ಸಣ್ಣ ಸ್ನಾಯುಗಳಿಗೆ 20ರಿಂದ 60 ಜೂಲ್ ಬೆಳಕು ತಲುಪಬೇಕು. ಬೆಳಕು ಸೂಸುವ ಪ್ರತಿ ಡಯೋಡಿನ ಶಕ್ತಿ 200 ಮಿಲಿವಾಟ್ ಮೀರಬಾರದು. ಆಟ ಮುಗಿದ ಮೇಲೆ ಕೊಡುವುದಕ್ಕಿಂತ ಆಟಕ್ಕೆ 5 ನಿಮಿಷದಿಂದ 6 ಗಂಟೆ ಮೊದಲು ಕೊಡುವುದು ಲೇಸು ಎಂಬುದು ಅವರ ಅಭಿಪ್ರಾಯ. ಈ ಕೊನೆಯ ಅಂಶವನ್ನು ಗಮನಿಸಬೇಕು: ಆಟದ ನಂತರ ಮನೆಗೆ ಬಂದು ದೀಪದ ಮುಂದೆ ನಿಲ್ಲುವ ರೂಢಿ, ಈ ಚಿಕಿತ್ಸೆಯನ್ನು ಬಲವಾಗಿ ಬೆಂಬಲಿಸುವವರ ಸಲಹೆಗೇ ಹೊಂದುವುದಿಲ್ಲ.

ಈಗ ಲೆಕ್ಕ ನೋಡೋಣ. ಒಂದು ವಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. 200 ಮಿಲಿವಾಟಿನ ಒಂದು ಡಯೋಡನ್ನು ಚರ್ಮಕ್ಕೆ ಒತ್ತಿ ಹಿಡಿದರೆ 60 ಜೂಲ್ ಕೊಡಲು 300 ಸೆಕೆಂಡ್, ಅಂದರೆ ಐದು ನಿಮಿಷ ಬೇಕು. ಸಾಧನದ ತುದಿಯಲ್ಲಿ, ಅಂದರೆ ತಲೆಯಲ್ಲಿ, ಹಲವು ಡಯೋಡುಗಳಿದ್ದರೆ ಇನ್ನೂ ಕಡಿಮೆ. ಅಗ್ಗದ ಕೈಸಾಧನವೊಂದರ ಶಕ್ತಿ 5 ಮಿಲಿವಾಟ್ ಎಂದಿಟ್ಟುಕೊಳ್ಳೋಣ. ಅದೇ 60 ಜೂಲ್ ಕೊಡಲು ಅದಕ್ಕೆ 12,000 ಸೆಕೆಂಡ್ ಬೇಕು, ಅಂದರೆ 3 ಗಂಟೆ 20 ನಿಮಿಷ. ಎರಡೂ ಕೆಂಪಾಗಿಯೇ ಹೊಳೆಯುತ್ತವೆ, ಎರಡರ ಪೆಟ್ಟಿಗೆಯ ಮೇಲೂ ಒಂದೇ ಬಗೆಯ ಭರವಸೆ ಇರುತ್ತದೆ.

ಗೋಡೆಗೆ ತೂಗುವ ಫಲಕಗಳ ಕಥೆ ಬೇರೆ. ಅವುಗಳಲ್ಲಿ ಶಕ್ತಿ ಸಾಕಷ್ಟಿರಬಹುದು, ಆದರೆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ಚರ್ಮಕ್ಕೆ ಒತ್ತಿ ಹಿಡಿಯುವ ತಲೆಗಳನ್ನು. ಒತ್ತಿ ಹಿಡಿದಾಗ ಚರ್ಮದಿಂದ ಹಿಂದಕ್ಕೆ ಪುಟಿಯುವ ಬೆಳಕು ಕಡಿಮೆಯಾಗುತ್ತದೆ, ಒಳಗಿನ ಸ್ನಾಯುವಿಗೆ ದೂರವೂ ಕಡಿಮೆಯಾಗುತ್ತದೆ. ಫಲಕದಿಂದ ಎರಡಡಿ ದೂರ ನಿಂತವನಿಗೆ ಈ ಎರಡೂ ಅನುಕೂಲವಿಲ್ಲ, ದೂರ ಹೆಚ್ಚಿದಂತೆ ಬೆಳಕೂ ಕುಂದುತ್ತದೆ. ಇದಲ್ಲದೆ, ಫಲಕಗಳ ಬೆಳಕನ್ನು ಸೂರ್ಯನ ವಿಕಿರಣ ಅಳೆಯುವ ಅಗ್ಗದ ಮೀಟರುಗಳಿಂದ ಅಳೆದು ಪ್ರಕಟಿಸುವ ಕಂಪೆನಿಗಳಿವೆ. ಕೆಂಪು ಎಲ್‌ಇಡಿ ಬೆಳಕಿಗೆ ಆ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಆದ್ದರಿಂದ ಮಾರಾಟಗಾರನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ತರಂಗಾಂತರ ಎಷ್ಟು, ಎಷ್ಟು ದೂರದಲ್ಲಿ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವಾಟ್, ಅದನ್ನು ಯಾವ ಉಪಕರಣದಿಂದ ಅಳೆದದ್ದು ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಖರೀದಿಯ ಮಾತು ಅಲ್ಲಿಗೇ ಮುಗಿಯಬೇಕು.

ಚರ್ಮದ ಬಣ್ಣ ಮತ್ತು ಬಿಸಿಲು

ನಮ್ಮ ಕರಾವಳಿಯ ಆಟಗಾರರಿಗೆ ಸಂಬಂಧಿಸಿದ, ಆದರೆ ಜಾಹೀರಾತುಗಳು ಮುಟ್ಟದ ಒಂದು ಸಂಗತಿಯಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರುತ್ತದೆ, ಅದರಲ್ಲೂ ಅವಕೆಂಪಿಗಿಂತ ಕೆಂಪನ್ನು ಹೆಚ್ಚು ಹೀರುತ್ತದೆ. ಚರ್ಮ ಕಪ್ಪಾದಷ್ಟೂ ಮೇಲ್ಪದರದಲ್ಲೇ ಉಳಿಯುವ ಬೆಳಕು ಹೆಚ್ಚು, ಸ್ನಾಯುವಿಗೆ ತಲುಪುವುದು ಕಡಿಮೆ. ಇದು ಊಹೆಯ ಮಾತಲ್ಲ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೂಡ ಕೆಂಪು ಮತ್ತು ಅವಕೆಂಪು ಬೆಳಕಿನಿಂದಲೇ ಕೆಲಸ ಮಾಡುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಳಿಯ ರೋಗಿಗಳಿಗಿಂತ ಕರಿಯ ರೋಗಿಗಳಲ್ಲಿ ಅದು ಅಪಾಯಕಾರಿ ಆಮ್ಲಜನಕ ಕೊರತೆಯನ್ನು ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೆ ಬಿಟ್ಟದ್ದನ್ನು ತೋರಿಸಿತು. ಸ್ನಾಯು ಚಿಕಿತ್ಸೆಯ ಪ್ರಯೋಗಗಳಲ್ಲಿ ಪಾಲ್ಗೊಂಡವರಲ್ಲಿ ಯುವ ಪುರುಷರೇ ಹೆಚ್ಚು. ಹೀಗಿರುವಾಗ ಬ್ರೆಜಿಲಿನಲ್ಲಿ ನಿಗದಿಯಾದ ಡೋಸನ್ನು ಕುಂಬಳೆಯ ಕಬಡ್ಡಿ ಆಟಗಾರನಿಗೋ ಬದಿಯಡ್ಕದ ಶಾಲಾ ಬಾಲಕಿಗೋ ಇದ್ದಂತೆಯೇ ಅನ್ವಯಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ಸಂಗತಿ. ಮೋಡವಿಲ್ಲದ ನಡುಹಗಲಿನ ಬಿಸಿಲಿನಲ್ಲಿ ಚದರ ಸೆಂಟಿಮೀಟರಿಗೆ ಒಟ್ಟು ಸುಮಾರು 100 ಮಿಲಿವಾಟ್ ವಿಕಿರಣವಿರುತ್ತದೆ, ಅದರ ಗಣನೀಯ ಭಾಗ ಕೆಂಪು ಮತ್ತು ಅವಕೆಂಪು. ಬೇಸಗೆಯಲ್ಲಿ ತೋಟದಲ್ಲೂ ಕಟ್ಟಡದಲ್ಲೂ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರ ಮೈಮೇಲೆ ಈ ಬೆಳಕು ದಿನವೂ ಬೀಳುತ್ತಲೇ ಇರುತ್ತದೆ. ಒಳಾಂಗಣದಲ್ಲಿ ದಿನ ಕಳೆಯುವವರಲ್ಲಿ ಕಂಡ ಫಲ ಇವರಲ್ಲಿ ಎಷ್ಟು ಉಳಿದೀತು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಹಾಗೆಂದು ಯಾರೂ ಚಿಕಿತ್ಸೆಯೆಂದು ನಡುಹಗಲಿನ ಬಿಸಿಲಿಗೆ ಮೈಯೊಡ್ಡಬಾರದು. ಅತಿನೇರಳೆ ಕಿರಣವೂ ತಾಪವೂ ಅದರ ಜೊತೆಯಲ್ಲೇ ಬರುತ್ತವೆ.

ಬೇಗ ಚೇತರಿಸುವುದು ಯಾವಾಗಲೂ ಲಾಭವೇ?

ಸ್ನಾಯು ಬಲಗೊಳ್ಳುವುದು ಹಾನಿ ಮತ್ತು ದುರಸ್ತಿಯ ಚಕ್ರದಿಂದ. ಉರಿಯೂತವನ್ನು ತೀರ ಬೇಗ ಅದುಮಿದರೆ, ಬಲಗೊಳ್ಳಬೇಕೆಂದು ದೇಹಕ್ಕೆ ಸಿಗುವ ಸೂಚನೆಯೂ ಮಂಕಾಗಬಹುದು. ಭಾರದ ವ್ಯಾಯಾಮದ ನಂತರ ತಣ್ಣೀರಿನಲ್ಲಿ ಮುಳುಗಿ ಕೂರುವ ರೂಢಿ ದೀರ್ಘಾವಧಿಯಲ್ಲಿ ಸ್ನಾಯು ಬೆಳವಣಿಗೆಯನ್ನು ತಗ್ಗಿಸಿದ್ದನ್ನು 2015ರ ಒಂದು ಅಧ್ಯಯನ ತೋರಿಸಿದೆ. ವ್ಯಾಯಾಮದ ಜೊತೆ ಹೆಚ್ಚಿನ ಪ್ರಮಾಣದ ಸಿ ಮತ್ತು ಇ ವಿಟಮಿನ್ ಸೇವಿಸಿದವರಲ್ಲಿ ವ್ಯಾಯಾಮದ ಕೆಲವು ಲಾಭಗಳೇ ಕಾಣೆಯಾದದ್ದು 2009ರಲ್ಲಿ ವರದಿಯಾಗಿತ್ತು. ಕೆಂಪು ಬೆಳಕಿನ ವಿಷಯದಲ್ಲಿ ಇಂಥ ನಷ್ಟ ಕಂಡುಬಂದಿದೆ ಎನ್ನಲಾಗದು. ತರಬೇತಿಯ ಜೊತೆಗೆ ಬೆಳಕು ಕೊಟ್ಟಾಗ ಸ್ನಾಯು ಹೆಚ್ಚು ಬೆಳೆದುದನ್ನು ಸೂಚಿಸುವ ಸಣ್ಣ ಅಧ್ಯಯನಗಳೂ ಇವೆ. ಆದರೆ ‘ನೋವು ಬೇಗ ಇಳಿಯಿತು’ ಎಂಬುದನ್ನೇ ‘ಸ್ನಾಯು ಬೇಗ ಬಲಗೊಂಡಿತು’ ಎಂದು ಓದಿಕೊಳ್ಳುವುದು ತಪ್ಪು. ಮರುದಿನವೇ ಫೈನಲ್ ಆಡಬೇಕಾದವರಿಗೆ ಬೇಗ ಚೇತರಿಸುವುದು ಮುಖ್ಯ. ಮಳೆಗಾಲದ ತಿಂಗಳುಗಳಲ್ಲಿ ಮುಂದಿನ ಋತುವಿಗೆ ಮೈ ಕಟ್ಟುವವರಿಗೆ ಅಷ್ಟು ಅವಸರವಿಲ್ಲ.

ನಿಷೇಧದ ಪ್ರಶ್ನೆ

ಉದ್ದೀಪನ ಮದ್ದು ತಡೆಯ ಜಾಗತಿಕ ಸಂಸ್ಥೆಯಾದ ವಾಡಾ ಯಾವುದನ್ನಾದರೂ ನಿಷೇಧಿಸುವ ಮೊದಲು ಮೂರು ಅಂಶ ನೋಡುತ್ತದೆ: ಅದು ಸಾಮರ್ಥ್ಯ ಹೆಚ್ಚಿಸಬಲ್ಲದೇ, ಆರೋಗ್ಯಕ್ಕೆ ಅಪಾಯವೇ, ಕ್ರೀಡಾ ಮನೋಭಾವಕ್ಕೆ ವಿರುದ್ಧವೇ. ಮೂರರಲ್ಲಿ ಎರಡು ಅನ್ವಯಿಸಿದರೆ ನಿಷೇಧ ಪರಿಗಣನೆಗೆ ಬರುತ್ತದೆ. ಮೇಲೆ ಹೇಳಿದ 2016ರ ಸಮೀಕ್ಷೆಯ ಲೇಖಕರೇ, ಸ್ಪರ್ಧೆಗಳಲ್ಲಿ ಈ ಬೆಳಕಿಗೆ ಅನುಮತಿ ಇರಬೇಕೇ ಎಂಬ ಪ್ರಶ್ನೆಯನ್ನು ಎತ್ತಿದರು. ಚರ್ಮದ ಮೇಲೆ ಹಾಯಿಸುವ ಬೆಳಕನ್ನು ವಾಡಾ ನಿಷೇಧಿಸಿಲ್ಲ. ಎತ್ತರದ ಪ್ರದೇಶದ ವಿರಳ ಗಾಳಿಯನ್ನು ಅನುಕರಿಸುವ ಡೇರೆಗಳ ಬಗ್ಗೆಯೂ 2006ರಲ್ಲಿ ಇಂಥದೇ ಚರ್ಚೆ ನಡೆದು, ಕೊನೆಗೆ ಅವನ್ನು ನಿಷೇಧಿಸದೆ ಬಿಡಲಾಯಿತು. ಬೆಳಕು ದೇಹದಲ್ಲಿ ಪತ್ತೆ ಹಚ್ಚಬಹುದಾದ ಯಾವ ಕುರುಹನ್ನೂ ಬಿಡುವುದಿಲ್ಲವಾದ್ದರಿಂದ, ನಿಷೇಧಿಸಿದರೂ ಜಾರಿ ಮಾಡುವುದು ಕಷ್ಟ. ಹಾಗಾಗಿ ಸದ್ಯಕ್ಕೆ ಇದು ನಿಷೇಧವಿಲ್ಲದೆಯೇ ಉಳಿಯುವ ಸಾಧ್ಯತೆ ಹೆಚ್ಚು.

ಆದರೆ ಒಂದು ಗೆರೆಯನ್ನು ಆಟಗಾರರು ತಿಳಿದಿರಬೇಕು. ರಕ್ತನಾಳದೊಳಗೆ ಲೇಸರ್ ತಂತು ತೂರಿಸಿ ರಕ್ತಕ್ಕೇ ಬೆಳಕು ಕೊಡುವುದನ್ನು, ರಕ್ತವನ್ನು ಹೊರತೆಗೆದು ಬೆಳಕಿಗೆ ಒಡ್ಡಿ ಮರಳಿ ಸೇರಿಸುವುದನ್ನು ಕೆಲವು ಕಡೆ ಚಿಕಿತ್ಸೆಯೆಂದು ಮಾಡುತ್ತಾರೆ. ತನ್ನದೇ ರಕ್ತವನ್ನು ಮರಳಿ ದೇಹಕ್ಕೆ ಸೇರಿಸುವುದು, ಭೌತಿಕ ಅಥವಾ ರಾಸಾಯನಿಕ ವಿಧಾನಗಳಿಂದ ರಕ್ತನಾಳದೊಳಗಿನ ರಕ್ತವನ್ನು ಮಾರ್ಪಡಿಸುವುದು ವಾಡಾ ಪಟ್ಟಿಯಲ್ಲಿ ನಿಷಿದ್ಧ. ಭಾರತದಲ್ಲಿ ಉದ್ದೀಪನ ತಡೆಗೆ 2022ರಿಂದ ಪ್ರತ್ಯೇಕ ಕಾಯಿದೆಯೇ ಇದೆ. ಊರಿನ ಪಂದ್ಯಾಟದಲ್ಲಿ ಯಾರೂ ಪರೀಕ್ಷಿಸುವುದಿಲ್ಲ ನಿಜ. ಆದರೆ ಅಲ್ಲಿಂದಲೇ ರಾಜ್ಯ ಮತ್ತು ರಾಷ್ಟ್ರ ತಂಡಗಳಿಗೆ ಹುಡುಗರು ಹೋಗುತ್ತಾರೆ.

ಪೆಟ್ಟಿಗೆಯ ಮೇಲಿನ ಮುದ್ರೆ

‘ಎಫ್‌ಡಿಎ ಅನುಮೋದಿತ’ ಎಂಬ ಮುದ್ರೆ ಈ ಸಾಧನಗಳ ಮೇಲೆ ಸಾಮಾನ್ಯ. ಆಹಾರ, ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಆ ಸಂಸ್ಥೆ ಇಂಥ ಸಾಧನಗಳಲ್ಲಿ ಅನೇಕವಕ್ಕೆ ಕೊಟ್ಟಿರುವುದು, ಈಗಾಗಲೇ ಮಾರಾಟದಲ್ಲಿರುವ ಇನ್ನೊಂದು ಸಾಧನಕ್ಕೆ ಇದು ಸಮಾನ ಎಂಬ ಮಟ್ಟದ ಒಪ್ಪಿಗೆ. ಅದೂ ಬಹುತೇಕ ಸ್ನಾಯು ಮತ್ತು ಕೀಲುಗಳ ಸಣ್ಣ ನೋವಿನ ತಾತ್ಕಾಲಿಕ ಶಮನಕ್ಕೆ. ಆಟದ ಸಾಮರ್ಥ್ಯ ಹೆಚ್ಚಿಸುತ್ತದೆಂದು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಅದಲ್ಲ. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಇದೆ, 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣದ ವ್ಯಾಪ್ತಿಗೆ ಬಂದಿವೆ. ಆದರೆ ಚಿಕಿತ್ಸೆಯ ಹೆಸರೆತ್ತದೆ ‘ಸ್ವಾಸ್ಥ್ಯ ಸಾಧನ’ ಎಂದು ಮಾರುವವರನ್ನು ಈ ನಿಯಮದಡಿ ತರುವುದು ಸುಲಭವಲ್ಲ. ಮೊಬೈಲಿನಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಜಾಹೀರಾತು ಬರುವ ಈ ಗಡಿಜಿಲ್ಲೆಯಲ್ಲಿ, ಮಾರಿದವನು ಯಾವ ರಾಜ್ಯದವನೆಂದೇ ಕೊಂಡವನಿಗೆ ತಿಳಿಯದಿರುವುದೂ ಉಂಟು.

ಸುರಕ್ಷತೆಯ ವಿಷಯದಲ್ಲಿ ಸಮಾಧಾನಪಡಬಹುದಾದದ್ದೇ ಹೆಚ್ಚು: ಕಡಿಮೆ ಶಕ್ತಿಯ ಈ ಬೆಳಕಿನಿಂದ ಪ್ರಯೋಗಗಳಲ್ಲಿ ಗಂಭೀರ ಹಾನಿ ವರದಿಯಾದದ್ದು ಬಹಳ ವಿರಳ. ಕಣ್ಣಿನ ಮಾತು ಬೇರೆ. ಅವಕೆಂಪು ಲೇಸರ್ ಕಾಣಿಸುವುದಿಲ್ಲವಾದ್ದರಿಂದ ರೆಪ್ಪೆ ಮುಚ್ಚುವ ಸಹಜ ಪ್ರತಿಕ್ರಿಯೆಯೂ ಆಗುವುದಿಲ್ಲ, ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗಬಹುದು. ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕವಿಲ್ಲದೆ ಲೇಸರ್ ಸಾಧನ ಬಳಸಬಾರದು. ನೋವಿರುವಲ್ಲಿ ಗಂಟು ಅಥವಾ ಕ್ಯಾನ್ಸರಿನ ಶಂಕೆ ಇರುವವರು ವೈದ್ಯರನ್ನು ಕೇಳದೆ ಇದರ ಗೋಜಿಗೆ ಹೋಗಬಾರದು.

ಕ್ಲಬ್ಬಿನ ದುಡ್ಡು, ಆಟಗಾರನ ಮೊಣಕಾಲು

ಈ ಬೆಳಕಿನಿಂದ ಆಗಬಹುದಾದ ಅತಿ ದೊಡ್ಡ ಕೆಡುಕು ಬೆಳಕಿನೊಳಗಿಲ್ಲ, ಅದರ ಮೇಲಿನ ನಂಬಿಕೆಯಲ್ಲಿದೆ. ಕಬಡ್ಡಿಯಲ್ಲೂ ಫುಟ್ಬಾಲಿನಲ್ಲೂ ಆಟಗಾರನ ಬದುಕನ್ನೇ ತಿರುಗಿಸುವ ಗಾಯ ಮೊಣಕಾಲಿನ ಅಸ್ಥಿರಜ್ಜು ಹರಿಯುವುದು. ಹರಿದ ರಜ್ಜುವನ್ನು ಯಾವ ಕೆಂಪು ಬೆಳಕೂ ಕೂಡಿಸುವುದಿಲ್ಲ. ಆದರೆ ಮೊದಲ ವಾರದ ಬಾವು ತಾನಾಗಿಯೇ ಇಳಿಯುವುದರಿಂದ, ಆ ಹೊತ್ತಿನಲ್ಲಿ ದೀಪ ಬಳಸಿದವನಿಗೆ ದೀಪದಿಂದಲೇ ಗುಣವಾಯಿತೆಂದು ತೋರುತ್ತದೆ. ಅವನು ಮತ್ತೆ ಅಂಕಣಕ್ಕಿಳಿಯುತ್ತಾನೆ, ಸಡಿಲವಾದ ಮೊಣಕಾಲು ಇನ್ನೊಮ್ಮೆ ತಿರುಚಿ ಒಳಗಿನ ಮೃದ್ವಸ್ಥಿಯೂ ಹರಿಯುತ್ತದೆ. ಎಂಆರ್‌ಐಗೂ ತಜ್ಞರಿಗೂ ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ಇಲ್ಲಿನ ಬಹುಜನರ ರೂಢಿಯಾಗಿರುವುದರಿಂದ, ಪರೀಕ್ಷೆಯನ್ನು ಮುಂದೂಡಲು ಒಂದು ನೆಪ ಸಿಕ್ಕರೆ ಸಾಕು, ವಾರಗಳು ಕಳೆಯುತ್ತವೆ.

ದುಡ್ಡಿನ ಪ್ರಶ್ನೆಯೂ ಇದೆ. ಈ ಸಾಧನಗಳು ಕೆಲವು ಸಾವಿರದಿಂದ ಲಕ್ಷಗಳವರೆಗೆ ಬೆಲೆ ಬಾಳುತ್ತವೆ. ಚಂದಾ ಎತ್ತಿ ನಡೆಯುವ ಕ್ಲಬ್ಬೊಂದು ಅಷ್ಟನ್ನು ಫಲಕಕ್ಕೆ ಸುರಿದರೆ, ಅದೇ ದುಡ್ಡಿನಲ್ಲಿ ಆಗಬಹುದಾಗಿದ್ದ ಕೆಲಸಗಳು ನಿಲ್ಲುತ್ತವೆ: ಮುರಕಲ್ಲಿನ ಗಟ್ಟಿ ನೆಲದ ಮೇಲೆ ಹಾಸಲು ಒಳ್ಳೆಯ ಮ್ಯಾಟ್, ಋತುವಿಗೆ ಮೊದಲು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಪ್ರತಿ ಆಟಗಾರನ ತಪಾಸಣೆ, ಅಭ್ಯಾಸದ ದಿನಗಳಲ್ಲಿ ಮೊಟ್ಟೆ ಮತ್ತು ಹಾಲು. ನಿದ್ದೆ, ಆಹಾರ, ಹದವರಿತು ಏರಿಸಿದ ಅಭ್ಯಾಸ, ಎರಡು ಪಂದ್ಯಗಳ ನಡುವಿನ ಬಿಡುವು ಇವುಗಳ ಹಿಂದಿರುವ ಆಧಾರ ಬೆಳಕಿನ ಹಿಂದಿರುವ ಆಧಾರಕ್ಕಿಂತ ಎಷ್ಟೋ ಗಟ್ಟಿ. ಇವೆಲ್ಲ ಇರುವ ತಂಡಕ್ಕೆ ಬೆಳಕು ಸಣ್ಣದೊಂದು ಲಾಭ ಕೊಟ್ಟೀತು. ಇವು ಯಾವುವೂ ಇಲ್ಲದ ತಂಡದಲ್ಲಿ ಆ ಸಣ್ಣ ಲಾಭ ಕಾಣಿಸುವುದೇ ಇಲ್ಲ.

ಬಳಸಿಯೇ ನೋಡುತ್ತೇವೆ ಎನ್ನುವವರು ಶಕ್ತಿ ಮತ್ತು ಸಮಯದ ಲೆಕ್ಕ ಬಲ್ಲ ಫಿಸಿಯೋಥೆರಪಿಸ್ಟರ ಕೈಯಲ್ಲಿ, ಆಟಕ್ಕೆ ಮೊದಲು, ದೊಡ್ಡ ಸ್ನಾಯುಗಳ ಮೇಲೆ ಬಳಸಿ ನೋಡಬಹುದು. ಆದರೆ ಮೊಣಕಾಲಿನಲ್ಲಿ ಟಕ್ಕೆಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ನೆಲಕ್ಕೆ ಕಾಲೂರಲು ಆಗದಿದ್ದರೆ, ಮೈಕೈ ನೋವು 72 ಗಂಟೆ ದಾಟಿಯೂ ಏರುತ್ತಲೇ ಹೋದರೆ ದೀಪವನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಬೇಕು. ಸೆಕೆಯಲ್ಲಿ ಮಿತಿಮೀರಿ ಆಡಿದ ಮರುದಿನ ಮೂತ್ರ ಕಟ್ಟನ್ (ಹಾಲಿಲ್ಲದ) ಕಾಫಿಯ ಬಣ್ಣಕ್ಕೆ ತಿರುಗಿದರೆ, ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡಕ್ಕೆ ಇಳಿಯುತ್ತಿವೆ ಎಂದು ತಿಳಿದು ಅದೇ ದಿನ ಆಸ್ಪತ್ರೆ ಸೇರಬೇಕು.